ಚಾಕಿ ಮನೆಯ ಅವಿಭಾಜ್ಯ ಸಂಖ್ಯೆ

ಚೀಮನಪಲ್ಲಿಯ ಗಂಗರಾಜು ಮೇಷ್ಟ್ರ ಮನೆಯಲ್ಲಿ ರೇಷ್ಮೆ ಹುಳುಗಳು ಚಳಿ ಕಾಯಿಸಿಕೊಳ್ಳುತ್ತಿದ್ದದ್ದು ಒಂದು ಸಂಖ್ಯೆಯ ಮುಂದೆ. ಕೆಂಡದ ಬಾಂಡ್ಲಿಯಲ್ಲ, ಹೀಟರ್ ಅಲ್ಲ, ಸಂಖ್ಯೆ. ಊರಿನವರಿಗೆ ಮೊದಲು ಹೇಳಿದಾಗ ಇದು ಅರ್ಥವಾಗಲಿಲ್ಲ, ಆಮೇಲೆ ಹೇಳಿದಾಗ ನಂಬಿಕೆ ಬರಲಿಲ್ಲ. ಆದ್ದರಿಂದ ನಿಧಾನವಾಗಿ, ಹೆಂಡತಿಯ ಕೋಣೆಯಿಂದಲೇ ಶುರು ಮಾಡುವುದು ವಾಸಿ.

ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆಗೆ ಹೋಗುವ ರಸ್ತೆಯಲ್ಲಿ ಎಡಕ್ಕೆ ತಿರುಗಿದರೆ ಸಿಗುವ ಈ ಊರಿನಲ್ಲಿ ಹಿಪ್ಪುನೇರಳೆ ತೋಟವಿಲ್ಲದ ಮನೆ ಕಡಿಮೆ. ಆದರೆ ಮೊಟ್ಟೆಯೊಡೆದು ಆಗತಾನೆ ಬಂದ ಹುಳುವನ್ನು ಸಾಕುವುದು ಎಲ್ಲರ ಕೈಲಿ ಆಗುವ ಕೆಲಸವಲ್ಲ. ಅದು ಇರುವೆಗಿಂತ ಸಣ್ಣದು, ಕೂದಲಿನ ಚೂರಿನಂತೆ ಇರುತ್ತದೆ. ಈ ಎಳೆಯ ಹುಳುವಿಗೆ ಚಾಕಿ ಎನ್ನುತ್ತಾರೆ. ಚಾಕಿಗೆ ಸೊಪ್ಪನ್ನು ದಾರದಂತೆ ಹೆಚ್ಚಿ ಹಾಕಬೇಕು, ತೇವ ಇರಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಬೆಚ್ಚಗಿರಬೇಕು. ಎರಡು ಜ್ವರ ದಾಟುವ ತನಕ ಬೆಚ್ಚಗಿದ್ದರೆ ಬೆಳೆ ಅರ್ಧ ಗೆದ್ದ ಹಾಗೆ. ಹುಳು ಪೊರೆ ಕಳಚುವ ಮುಂಚೆ ತಿನ್ನುವುದು ಬಿಟ್ಟು ತಲೆ ಎತ್ತಿ ಮಲಗುತ್ತದಲ್ಲ, ಅದಕ್ಕೆ ಇಲ್ಲಿ ಜ್ವರ ಎಂದೇ ಹೆಸರು. ಜ್ವರ ಬಂತೆಂದು ಖುಷಿಪಡುವ ಕಸುಬು ಜಗತ್ತಿನಲ್ಲಿ ಇದೊಂದೇ ಇರಬೇಕು, ಡಾಕ್ಟರುಗಳನ್ನು ಬಿಟ್ಟರೆ.

ಊರಿನ ಹತ್ತು ಹನ್ನೆರಡು ಮನೆಗಳ ಚಾಕಿಯನ್ನು ಸಾಕಿ ಕೊಡುತ್ತಿದ್ದವರು ಮೇಷ್ಟ್ರ ಹೆಂಡತಿ ರಾಮಲಕ್ಷ್ಮಮ್ಮ. ಮನೆಯ ಹಿಂದಿನ ಚಾಕಿ ಕೋಣೆಗೆ ಕಾಲು ತೊಳೆಯದೆ ಯಾರೂ ಹೋಗುವಂತಿರಲಿಲ್ಲ. ಚಪ್ಪಲಿಯಂತೂ ಬಾಗಿಲಿನಿಂದ ಮಾರು ದೂರ. ಒಮ್ಮೆ ಇಲಾಖೆಯ ಸಾಹೇಬರು ಬೂಟು ಹಾಕಿಕೊಂಡು ಹೊಸ್ತಿಲ ಮೇಲೆ ನಿಂತಾಗ, "ಸಾರ್, ನೀವು ದೊಡ್ಡೋರು, ನಿಮ್ ಬೂಟು ದೊಡ್ಡದಲ್ಲ, ಅದನ್ನ ಆಚೆ ಬಿಡಿ" ಎಂದಿದ್ದರು.

ಆಕೆಗೆ ಮಕ್ಕಳಾಗಲಿಲ್ಲ. ಸೀಮಂತಕ್ಕೆ ಕರೆಯುತ್ತಿದ್ದರು, ಆರತಿ ತಟ್ಟೆ ಹಿಡಿಯಲು ಕರೆಯುತ್ತಿರಲಿಲ್ಲ. ತೊಟ್ಟಿಲ ಶಾಸ್ತ್ರದಲ್ಲಿ ಹಿಂದಿನ ಸಾಲಿನಲ್ಲಿ ಕೂರಿಸಿ ಮುಂದಿನ ಸಾಲಿನವರಿಗಿಂತ ಮೊದಲು ಊಟ ಬಡಿಸಿ ಕಳಿಸುತ್ತಿದ್ದರು. ಆದರೆ ಮೊಟ್ಟೆ ಒಡೆಯುವ ದಿನ ಅದೇ ಹೆಂಗಸರು ಅರಿಶಿನ ಕುಂಕುಮ ತಂದು ಆಕೆಯ ಬಾಗಿಲಲ್ಲಿ ನಿಲ್ಲುತ್ತಿದ್ದರು. ಮೊದಲ ಸೊಪ್ಪು ರಾಮಲಕ್ಷ್ಮಮ್ಮನ ಕೈಯಿಂದಲೇ ಬೀಳಬೇಕು. ಅವಳ ಕೈಗುಣ ಅಂಥದ್ದು ಎಂದು ಊರೇ ಒಪ್ಪಿತ್ತು. ಆ ಒಂದು ದಿನ ಆಕೆ ಸೆರಗು ಬಿಗಿದು, ಯಾರ ಮುಖವನ್ನೂ ನೋಡದೆ, ಚಿಟಿಕೆ ಚಿಟಿಕೆ ಸೊಪ್ಪು ಉದುರಿಸುತ್ತಿದ್ದ ರೀತಿಯನ್ನು ಮೇಷ್ಟ್ರು ಕಿಟಕಿಯಿಂದ ನೋಡುತ್ತಿದ್ದರು. ಗಂಡನದು ಗುಣಾಕಾರ, ಹೆಂಡತಿಯದು ಕೈಗುಣ ಎಂದು ಶಾಲೆಯಲ್ಲಿ ಹೇಳಿ ನಗುತ್ತಿದ್ದರು. ಮಕ್ಕಳು ನಗುತ್ತಿರಲಿಲ್ಲ. ಪರೀಕ್ಷೆಗೆ ಬರದ ಮಾತಿಗೆ ಮಕ್ಕಳು ಯಾಕೆ ನಗುತ್ತಾರೆ.

ಮೇಷ್ಟ್ರು ಹುಟ್ಟಿದ್ದು ಗೌರಿಬಿದನೂರಿನ ಆಚೆ, ನಗರಗೆರೆ ಹೋಬಳಿಯಲ್ಲಿ. ಜಮೀನಿದ್ದ ಮನೆ. ಅಪ್ಪ ಸತ್ತ ವರ್ಷ ಅಣ್ಣತಮ್ಮಂದಿರು ಭಾಗ ಕೇಳಿದರು. ಹೊಲ, ಬಾವಿ, ಹುಣಸೆ ಮರ, ಕೊನೆಗೆ ಅಜ್ಜಿಯ ಹಿತ್ತಾಳೆ ಹಂಡೆಯ ತನಕ ಭಾಗವಾದವು. ಹಂಡೆಯನ್ನು ಹೇಗೆ ಭಾಗ ಮಾಡಿದಿರಿ ಎಂದು ಕೇಳಿದರೆ, "ಒಬ್ಬರಿಗೆ ಹಂಡೆ, ಒಬ್ಬರಿಗೆ ಮುಚ್ಚಳ, ನನಗೆ ಬಿಸಿನೀರಿನ ನೆನಪು" ಎನ್ನುತ್ತಿದ್ದರು. ಭಾಗಾಕಾರದ ಮೇಲೆ ಅವರಿಗೆ ಆಗಲೇ ಬೇಜಾರು ಬಂದಿರಬೇಕು. ಚಿಂತಾಮಣಿಯ ಕಾಲೇಜಿಗೆ ಬಿ.ಎಸ್ಸಿ. ಓದಲು ಬಂದಾಗ, ಒಂದರಿಂದ ಮತ್ತು ತನ್ನಿಂದ ಬಿಟ್ಟರೆ ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆಗಳ ಪಾಠ ಕೇಳಿ ಹುಡುಗ ಮರುಳಾದ. ಅವಿಭಕ್ತ ಕುಟುಂಬ ಮುರಿದ ಮನೆಯಿಂದ ಬಂದವನಿಗೆ ಅವಿಭಾಜ್ಯ ಸಂಖ್ಯೆ ಎಂದರೆ ತವರು ಸಿಕ್ಕ ಹಾಗಾಯಿತು.

ಅಲ್ಲಿ ಒಂದು ಪೆಟ್ಟೂ ತಿಂದ. ಎರಡನ್ನು ಎರಡರಿಂದ ಗುಣಿಸುತ್ತಾ ಹೋಗಿ ಕೊನೆಗೆ ಒಂದು ಕಳೆದರೆ ಮೂರು, ಏಳು, ಮೂವತ್ತೊಂದು, ನೂರಿಪ್ಪತ್ತೇಳು ಬರುತ್ತವೆ, ಎಲ್ಲ ಅವಿಭಾಜ್ಯ. ಎರಡು, ಮೂರು, ಐದು, ಏಳು ಸಲ ಗುಣಿಸಿದಾಗ ಬಂದವು ಇವು. ಹಾಗಾದರೆ ಹನ್ನೊಂದು ಸಲ ಗುಣಿಸಿದರೂ ಅವಿಭಾಜ್ಯವೇ ಬರಬೇಕೆಂದು ಗಂಗರಾಜು ಎದ್ದು ನಿಂತು ಹೇಳಿದ. ಬಂದದ್ದು ಎರಡು ಸಾವಿರದ ನಲವತ್ತೇಳು. ಲೆಕ್ಚರರು ಬೋರ್ಡಿನ ಮೇಲೆ ಇಪ್ಪತ್ತಮೂರು ಗುಣಿಲೆ ಎಂಬತ್ತೊಂಬತ್ತು ಎಂದು ಬರೆದು, ಸೀಮೆಸುಣ್ಣವನ್ನು ಅವನ ಕಡೆಗೆ ಎಸೆದರು. ಪಕ್ಕದಲ್ಲಿ ಕೂತಿದ್ದ ಶಿಡ್ಲಘಟ್ಟದ ಅಮಾನುಲ್ಲಾ ಅದನ್ನು ಹಿಡಿದು ಜೇಬಿಗೆ ಹಾಕಿಕೊಂಡ. ಸ್ನೇಹ ಶುರುವಾದದ್ದು ಹಾಗೆ.

ಅಮಾನುಲ್ಲಾ ಓದು ಮುಗಿಸಿ ಮನೆತನದ ಕಸುಬಿಗೇ ಕೂತರು. ಗೂಡು ಬೇಯಿಸಿ ನೂಲು ತೆಗೆಯುವ ಘಟಕ ಅವರದು. ಗಂಗರಾಜು ಅನುದಾನಿತ ಶಾಲೆಯಲ್ಲಿ ಗಣಿತದ ಮೇಷ್ಟ್ರಾದರು. ಮೂವತ್ತು ವರ್ಷ ಅದೇ ಬೆಂಚು, ಅದೇ ತಪ್ಪು ಉತ್ತರ. ನಿವೃತ್ತಿ ಹತ್ತಿರ ಬಂದಾಗ ಒಂದು ದಿನ ಪೇಪರಿನಲ್ಲಿ ಓದಿದರು. ಅದೇ ಬಗೆಯ, ಎರಡರ ಗುಣಾಕಾರದಿಂದ ಒಂದು ಕಳೆದ ಅವಿಭಾಜ್ಯಗಳನ್ನು ಜಗತ್ತಿನ ಸಾಮಾನ್ಯ ಜನ ತಮ್ಮ ಮನೆಯ ಕಂಪ್ಯೂಟರಿನಲ್ಲೇ ಹುಡುಕುತ್ತಿದ್ದಾರಂತೆ. ಇಲ್ಲಿಯ ತನಕ ಸಿಕ್ಕಿರುವುದು ಐವತ್ತು ಚಿಲ್ಲರೆ. ಇನ್ನೂ ಎಷ್ಟಿವೆಯೋ, ಎಲ್ಲಾದರೂ ಮುಗಿಯುತ್ತವೆಯೋ, ಯಾರಿಗೂ ಗೊತ್ತಿಲ್ಲ. ಯಾರು ಬೇಕಾದರೂ ಒಂದು ಸಂಖ್ಯೆ ಕೇಳಿ ಪಡೆದು ಪರೀಕ್ಷೆ ಮಾಡಬಹುದು.

ಅಮಾನುಲ್ಲಾ ತಮ್ಮ ಘಟಕದ ಹಳೆಯ ಕಂಪ್ಯೂಟರನ್ನು ಕೊಟ್ಟರು. ಆಟೋದಲ್ಲಿ ಹಾಕಿಕೊಂಡು ತಾವೇ ಬಂದು ಜೋಡಿಸಿ, ಮೊಬೈಲಿನ ನೆಟ್ಟು ಕೊಟ್ಟು, ಸಂಖ್ಯೆಯನ್ನೂ ಇಳಿಸಿಕೊಟ್ಟರು.

"ಎಷ್ಟು ದೊಡ್ಡದೋ ಇದು?" ಎಂದು ಅಮಾನುಲ್ಲಾ ಕೇಳಿದರು.

"ಎಂಟು ಕೋಟಿಗೂ ಜಾಸ್ತಿ ಸಲ ಎರಡನ್ನ ಗುಣಿಸಿ ಒಂದು ಕಳೀಬೇಕು. ಬರೆದಿಟ್ರೆ ಎರಡೂವರೆ ಕೋಟಿ ಅಂಕಿ ಆಗುತ್ತೆ. ಇನ್ನೂರು ಪುಟದ ನೋಟ್‌ಬುಕ್ಕು ಒಂದು ಆಟೋ ತುಂಬ."

"ಇದನ್ನ ಎರಡರಿಂದ, ಮೂರರಿಂದ ಅಂತ ಭಾಗಿಸ್ತಾ ಕೂತ್ಕೊಳುತ್ತಾ?"

"ಹಾಗೆ ಮಾಡಿದ್ರೆ ಸೂರ್ಯ ಆರೋಗ್ತಾನೆ. ಈ ಜಾತಿ ಸಂಖ್ಯೆಗೆ ಬೇರೆ ಉಪಾಯ ಐತೆ. ನಾಲ್ಕರಿಂದ ಶುರು. ಅದರ ವರ್ಗ ಮಾಡು, ಎರಡು ಕಳಿ, ನಮ್ಮ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಕೋ. ಆ ಶೇಷದ ವರ್ಗ ಮಾಡು, ಎರಡು ಕಳಿ, ಮತ್ತೆ ಶೇಷ. ಹೀಗೆ ಎಂಟು ಕೋಟಿ ಸಲ."

"ಕೊನೆಗೆ ಏನು ಬರಬೇಕು?"

"ಸೊನ್ನೆ. ಸೊನ್ನೆ ಬಂದ್ರೆ ಅವಿಭಾಜ್ಯ. ಏನಾದ್ರೂ ಉಳಿದ್ರೆ ಅಲ್ಲ."

ಅಮಾನುಲ್ಲಾ ಕೈ ಒರೆಸಿಕೊಂಡರು. "ಸೊನ್ನೆ ನೋಡೋಕೆ ಐದಾರು ತಿಂಗಳು ಕಾಯೋದು ಯಾಕೋ? ನೂಲಿನ ರೇಟು ಬಿದ್ದ ವಾರ ನಮ್ಮನೆಗೆ ಬಾ, ಬೆಳಗಾಗೋದ್ರೊಳಗೆ ತೋರಿಸ್ತೀನಿ."

ಲಕ್ಷಕ್ಕೆ ಒಂದು ಪಾಲೂ ಗೆಲ್ಲುವ ಸಾಧ್ಯತೆಯಿಲ್ಲವೆಂದು ಮೇಷ್ಟ್ರಿಗೆ ಗೊತ್ತಿತ್ತು. ಹಾಗೆಂದು ಬೇರೆಯವರಿಗೆ ಹೇಳುತ್ತಿದ್ದರು, ತಮಗೆ ಹೇಳಿಕೊಳ್ಳುತ್ತಿರಲಿಲ್ಲ. ಒಂದೊಂದು ಅವಿಭಾಜ್ಯಕ್ಕೂ ಹುಡುಕಿದವರ ಹೆಸರು ಸೇರುತ್ತದೆ. ಮಕ್ಕಳಿಲ್ಲದವರ ಹೆಸರು ಎಲ್ಲಿ ಉಳಿದರೂ ಉಳಿದಂತೆಯೇ. ಒಂದೇ ಸಂಖ್ಯೆ ಸಾಕೆಂದು ಕೇಳಿ ಪಡೆದರು. ಅದು ಮುಗಿಯುವ ತನಕ ಇನ್ನೊಂದು ಬೇಡ ಎಂದು ಅಮಾನುಲ್ಲಾ ಕೈಲೇ ಒತ್ತಿಸಿದರು. ಏಕಪತ್ನೀವ್ರತಸ್ಥ ನೀನು, ಎಂದು ಅಮಾನುಲ್ಲಾ ನಕ್ಕರು.

ಯಂತ್ರಕ್ಕೆ ಧೂಳಿಲ್ಲದ ಜಾಗ ಬೇಕಿತ್ತು. ರೇಷ್ಮೆ ಮನೆಯಲ್ಲಿ ಚಾಕಿ ಕೋಣೆಗಿಂತ ಚೊಕ್ಕಟ ಜಾಗ ಎಲ್ಲಿ. ರಾಮಲಕ್ಷ್ಮಮ್ಮ ಮೊದಲು ಒಪ್ಪಲಿಲ್ಲ. "ಅದು ಗುಂಯ್ ಅನ್ನುತ್ತೆ, ಹುಳ ಹೆದರ್ಕೊಳ್ತವೆ" ಎಂದರು. ಆದರೆ ಆಷಾಢದ ಗಾಳಿಯಲ್ಲಿ ಒಂದು ಬೆಳೆ ಮುಗಿಯುವಷ್ಟರಲ್ಲಿ ಆಕೆಗೇ ಅಚ್ಚರಿಯಾಯಿತು. ಗೋಡೆಯ ಥರ್ಮಾಮೀಟರಿನ ಕೆಂಪು ಗೆರೆ ಎಲ್ಲಿರಬೇಕೋ ಅಲ್ಲೇ ನಿಂತಿತ್ತು. ಸಣ್ಣ ಕೋಣೆ, ಯಂತ್ರ ಹಗಲೂ ರಾತ್ರಿ ಉಸಿರು ಬಿಡುತ್ತಿತ್ತು. ಹುಳುಗಳು ಒಟ್ಟಿಗೆ ಜ್ವರಕ್ಕೆ ಬಿದ್ದು ಒಟ್ಟಿಗೆ ಎದ್ದವು. ಹುಳುವಿನ ತಟ್ಟೆಗಳನ್ನು ರಾಮಲಕ್ಷ್ಮಮ್ಮ ತಾವೇ ಯಂತ್ರದ ಪಕ್ಕಕ್ಕೆ ಸರಿಸಿದರು.

"ಇದ್ಯಾಕ್ರೀ ಇಷ್ಟು ಬಿಸಿ?"

"ಲೆಕ್ಕ ಮಾಡುತ್ತಲ್ಲ, ಅದಕ್ಕೆ. ತಲೆ ಓಡಿಸಿದ್ರೆ ತಲೆ ಬಿಸಿ ಆಗಲ್ವಾ ಹಾಗೆ."

"ನಿಮ್ ತಲೆ ಯಾವತ್ತೂ ತಣ್ಣಗೇ ಇರುತ್ತಲ್ಲ" ಎಂದು ರಾಮಲಕ್ಷ್ಮಮ್ಮ ಸೊಪ್ಪು ಹೆಚ್ಚಲು ಹೋದರು.

ಚಳಿಗಾಲ ಬಂದಾಗ ಮೇಷ್ಟ್ರು ಒಂದೇ ಒಂದು ಮಾತು ಹೇಳಿದರು. ಈ ಸಲ ಕೋಣೆಯಲ್ಲಿ ಕೆಂಡದ ಬಾಂಡ್ಲಿ ಇಡಬೇಡ. ಬೂದಿ ಹಾರಿ ಯಂತ್ರದ ಫ್ಯಾನಿಗೆ ಕೂತರೆ ಆರು ತಿಂಗಳ ಲೆಕ್ಕ ನೀರುಪಾಲು. ಬಿಸಿಗೆ ಇದೇ ಸಾಕು. ರಾಮಲಕ್ಷ್ಮಮ್ಮನಿಗೂ ಹೊಗೆಯ ಕಾಟ ತಪ್ಪಿದರೆ ಸಾಕಿತ್ತು. ಬಾಂಡ್ಲಿಯನ್ನು ತೊಳೆದು ಅಟ್ಟಕ್ಕೆ ಹಾಕಿದರು.

ಡಿಸೆಂಬರಿನ ಬೆಳೆಗೆ ಊರೆಲ್ಲ ಮೊಟ್ಟೆ ತಂದರು. ಎಲ್ಲರಿಗಿಂತ ಹೆಚ್ಚು ತಂದವರು ಮುನಿಶಾಮಪ್ಪ. ಹೊಸದಾಗಿ ಹುಳು ಮನೆ ಕಟ್ಟಿಸಿದ್ದರು, ಅದರ ಮೊದಲ ಬೆಳೆ ಇದು. "ರಾಮಕ್ಕ, ನಿನ್ ಕೈಯಿಂದಾನೇ ಗೃಹಪ್ರವೇಶ ಅಂದ್ಕೊಂಡಿದೀನಿ ಕಣಮ್ಮ" ಎಂದರು. ಅರಿಶಿನ ಕುಂಕುಮ ಬಂತು, ಮೊದಲ ಸೊಪ್ಪು ಬಿತ್ತು, ಮೊದಲ ಜ್ವರ ಸಲೀಸಾಗಿ ಕಳೆಯಿತು. ಅಷ್ಟರಲ್ಲಿ ಮೇಷ್ಟ್ರಿಗೆ ಚಿಕ್ಕಬಳ್ಳಾಪುರದಲ್ಲಿ ಮೂರು ದಿನದ ತರಬೇತಿಗೆ ಆದೇಶ ಬಂತು. ಗಣಿತ ಕಲಿಕೆಯನ್ನು ಸಂತಸದಾಯಕವಾಗಿಸುವುದು ಹೇಗೆ ಎಂದು ನಿವೃತ್ತಿಗೆ ಆರು ತಿಂಗಳಿರುವ ಮೇಷ್ಟ್ರಿಗೆ ಹೇಳಿಕೊಡುವುದಿತ್ತು. ಅಲ್ಲೇ ಉಳಿಯಬೇಕು, ಊಟ ಅಲ್ಲೇ.

ಪರದೆಯ ಮೇಲಿನ ಲೆಕ್ಕ ನೂರಕ್ಕೆ ತೊಂಬತ್ತೊಂಬತ್ತು ದಾಟಿತ್ತು. ಇನ್ನೇನು ಮುಗಿಯುತ್ತದೆ. ಹೊರಡುವಾಗ ಮೇಷ್ಟ್ರು ಹೊಸ್ತಿಲಲ್ಲಿ ನಿಂತು, "ಏನೇ ಆಗಲಿ, ಅದನ್ನ ಮಾತ್ರ ಆರಿಸಬೇಡ. ಲೈಟು ಉರೀತಾ ಇರಬೇಕು" ಎಂದರು.

"ಆಯ್ತು, ಆರಿಸಲ್ಲ. ನೀವು ಸ್ವೆಟರ್ ತಗೊಂಡ್ರಾ?"

ಮೇಷ್ಟ್ರು ತಮ್ಮ ಸ್ವೆಟರ್ ತೆಗೆದುಕೊಂಡಿದ್ದರು.

ಮಾರನೆಯ ದಿನ ಬಂಗಾಳ ಕೊಲ್ಲಿಯಲ್ಲಿ ಎದ್ದ ಚಂಡಮಾರುತದ ಬಾಲ ಈ ಕಡೆಗೆ ತಿರುಗಿತು. ಸ್ಕಂದಗಿರಿ ಮೋಡದೊಳಗೆ ಮುಳುಗಿತು. ಜೋರು ಮಳೆಯಲ್ಲ, ಹಗಲೆಲ್ಲ ಉದುರುವ ತಣ್ಣನೆ ತುಂತುರು. ಹಾಸಿಗೆಯೂ ಒದ್ದೆ, ಬೆಂಕಿಪೊಟ್ಟಣವೂ ಒದ್ದೆ. ತರಬೇತಿಯ ಹಾಲಿನಲ್ಲಿ ಮೇಷ್ಟ್ರುಗಳಿಗೆ ಬಣ್ಣದ ಕಾಗದ ಕೊಟ್ಟು ಭಿನ್ನರಾಶಿಯ ದೋಣಿ ಮಾಡಿಸುತ್ತಿದ್ದರು. ಟೀ ಬಿಟ್ಟಾಗ ಗಂಗರಾಜು ಮೇಷ್ಟ್ರು ಲೋಟ ಹಿಡಿದು ಕಾರಿಡಾರಿಗೆ ಬಂದರು. ಫೋನು ಬಂತು.

"ರೀ, ರೂಮು ಯಾಕೋ ತಣ್ಣಗಾಗೈತೆ. ಕೆಂಪು ಗೆರೆ ತುಂಬ ಇಳಿದೈತೆ."

"ಮೆಷಿನ್ ಆನ್ ಐತಾ?"

"ಆನ್ ಐತೆ. ಹಸಿರು ಲೈಟು ಉರೀತೈತೆ. ನೀವು ಹೇಳಿದ್ರಲ್ಲ ಅಂತ ಯಾರನ್ನೂ ಮುಟ್ಟೋಕೆ ಬಿಟ್ಟಿಲ್ಲ."

"ಸದ್ದು?"

"ಸದ್ದು ಕಮ್ಮಿ ಆಗೈತೆ. ಟೀವೀಲಿ ಅದೇನೋ ಓಡ್ತಿತ್ತಲ್ಲ ಸಾಲು, ಅದೂ ಓಡ್ತಿಲ್ಲ, ನಿಂತೈತೆ."

ಓಡುವ ಸಾಲು ನಿಂತಿತೆಂದರೆ ಲೆಕ್ಕ ಮುಗಿಯಿತೆಂದು. ಎಂಟು ಕೋಟಿ ಸಲವೂ ಮುಗಿಯಿತು. ಚಾಕಿ ಕೋಣೆಯ ಪರದೆಯ ಮೇಲೆ ಉತ್ತರ ಕೂತಿದೆ, ಅದರ ಮುಂದೆ ಹೆಂಡತಿ ನಿಂತಿದ್ದಾಳೆ.

"ಲಕ್ಷ್ಮೀ, ಕೊನೇ ಸಾಲು ಓದು."

"ಇಂಗ್ಲೀಷಲ್ಲಿ ಐತೆ. ಅಲ್ಲ, ಈ ಹುಳ—"

"ಓದು ಅಂದ್ನಲ್ಲ. ಮೊದಲಿನ ಅಂಕಿ ಬಿಡು, ಆಮೇಲೆ ಒಂದೊಂದೇ ಅಕ್ಷರ ಹೇಳು."

ಏಳನೇ ಕ್ಲಾಸಿನ ತನಕ ಓದಿದ್ದ ರಾಮಲಕ್ಷ್ಮಮ್ಮ ಪರದೆಗೆ ಮುಖ ತಾಗಿಸಿ ಓದಿರಬೇಕು, ಧ್ವನಿ ಹತ್ತಿರವಾಯಿತು. "ಐ. ಎಸ್ಸು. ಆಮೇಲೆ ಜಾಗ ಬಿಟ್ಟೈತೆ."

"ಆಮೇಲೆ?"

"ಎನ್ನು. ಓ. ಟೀ."

ಕಾರಿಡಾರಿನ ಆಚೆ ತುಂತುರು ಬೀಳುತ್ತಿತ್ತು. ಇಂಥದ್ದೇ ಆಗುತ್ತದೆಂದು ಲೆಕ್ಕಾಚಾರ ಮಾಡಿಟ್ಟುಕೊಂಡವರಿಗೆ ಇಷ್ಟು ನೋವಾಗಬಾರದು. ಆದರೆ ಆಯಿತು. ಸೊನ್ನೆ ಬಂದಿರಲಿಲ್ಲ. ಏನೋ ಉಳಿದಿತ್ತು. ಆ ಶೇಷದಲ್ಲಿ ವಿಶೇಷವೇನೂ ಇರಲಿಲ್ಲ.

"ಓದಿದ್ದು ಸರಿ ಆಯ್ತಾ?" ಎಂದು ರಾಮಲಕ್ಷ್ಮಮ್ಮ ಕೇಳುತ್ತಿದ್ದರು. "ರೀ, ಅಟ್ಟದಿಂದ ಬಾಂಡ್ಲಿ ಇಳಿಸಿ ಒಂದಿಷ್ಟು ಕೆಂಡ ಹಾಕ್ಲಾ? ಎರಡನೇ ಜ್ವರಕ್ಕೆ ಬರೋ ಹೊತ್ತು."

"ಬೇಡ."

"ಬಾಗಿಲ ಹತ್ರ ಇಡ್ತೀನಿ, ದೂರ—"

"ಏನೂ ಮಾಡಬೇಡ ಅಂದೆ. ಬೂದಿ ಕೂರುತ್ತೆ. ಮೆಷಿನ್ ಆನ್ ಐತಲ್ಲ, ಬಿಡು. ನಾನು ಬಂದು ನೋಡ್ತೀನಿ."

ಲೆಕ್ಕ ಮಾಡುತ್ತಲ್ಲ ಅದಕ್ಕೇ ಬಿಸಿ ಎಂದು ಹೇಳಿದ್ದವರು ಅವರೇ. ಆ ಹೊತ್ತಿನಲ್ಲಿ ಅದು ಅವರಿಗೆ ನೆನಪಾಗಲಿಲ್ಲ. ತಲೆಯಲ್ಲಿ ಆ ಮೂರು ಅಕ್ಷರ ಬಿಟ್ಟು ಬೇರೇನೂ ಇರಲಿಲ್ಲ. ಟೀ ಆರಿಹೋಗಿತ್ತು, ಹಾಗೇ ಕುಡಿದು ಒಳಗೆ ಹೋಗಿ ಭಿನ್ನರಾಶಿಯ ದೋಣಿ ಮಾಡಿದರು. ಅವರ ದೋಣಿ ಚೆನ್ನಾಗಿದೆಯೆಂದು ತರಬೇತಿಯವರು ಎಲ್ಲರಿಗೂ ತೋರಿಸಿದರಂತೆ.

ತರಬೇತಿ ಮುಗಿಸಿ ಬಂದವರು ಕಾಲು ತೊಳೆದು ನೇರ ಚಾಕಿ ಕೋಣೆಗೆ ಹೋದರು. ಕಿಟಕಿಗೆ ಕಂಬಳಿ, ಬಾಗಿಲ ಸಂದಿಗೆ ಗೋಣಿಚೀಲ, ತಟ್ಟೆಗಳ ಮೇಲೆ ರಾಮಲಕ್ಷ್ಮಮ್ಮನ ಎರಡು ಹಳೇ ಸೀರೆ. ಹಸಿರು ಲೈಟು ಆರದೆ ಉರಿಯುತ್ತಿತ್ತು. ಮೇಷ್ಟ್ರು ಪರದೆಯ ಸಾಲನ್ನು ಒಮ್ಮೆ ತಾವೇ ಓದಿಕೊಂಡರು. ಆಮೇಲೆ ಯಾಕೋ ಯಂತ್ರದ ಡಬ್ಬಿಯ ಮೇಲೆ ಅಂಗೈ ಇಟ್ಟರು. ಸತ್ತವರ ಹಣೆ ಮುಟ್ಟಿದ ಹಾಗಿತ್ತು. ಆಗ ತಿಳಿಯಿತು.

ಅವರೇ ಅಟ್ಟ ಹತ್ತಿ ಬಾಂಡ್ಲಿ ಇಳಿಸಿದರು. ಕೆಂಡ ಹಾಕಿದರು. ಹುಳುಗಳು ಬದುಕಿದ್ದವು, ಆದರೆ ತಟ್ಟೆಯಲ್ಲಿ ಅರ್ಧ ಜ್ವರಕ್ಕೆ ಮಲಗಿದ್ದವು, ಅರ್ಧ ಇನ್ನೂ ಸೊಪ್ಪು ತಿನ್ನುತ್ತಿದ್ದವು. ರಾಮಲಕ್ಷ್ಮಮ್ಮ ತಟ್ಟೆಯ ಮೇಲೆ ಬಗ್ಗಿ ನೋಡಿದರು. "ಒಟ್ಟಿಗೆ ಏಳಲ್ಲ ಇವು" ಎಂದಷ್ಟೇ ಹೇಳಿದರು.

ಒಂದೆರಡು ದಿನ ತಡವಾಗಿ ಚಾಕಿಯನ್ನು ಹಂಚಿದರು. ಜ್ವರ ಹಿಂದುಮುಂದಾಗಿದೆ, ಜೋಪಾನ ಎಂದು ಪ್ರತಿಯೊಬ್ಬರಿಗೂ ಹೇಳಿ ಕೊಟ್ಟರು. ಜನ ತಲೆಯಾಡಿಸಿ ಒಯ್ದರು. ರಾಮಕ್ಕನ ಕೈಯಿಂದ ಬಂದದ್ದು, ಜೋಪಾನ ಏನು ಬಂತು ಎಂದುಕೊಂಡಿರಬೇಕು.

ಹುಳು ಬೆರಳುದ್ದ ಬೆಳೆದು, ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕು ಅನ್ನುವಾಗ ಮುನಿಶಾಮಪ್ಪ ಟವೆಲಿನಲ್ಲಿ ಏನನ್ನೋ ಕಟ್ಟಿಕೊಂಡು ಬಂದರು. ಜಗಲಿಯ ಮೇಲೆ ಬಿಚ್ಚಿದರು. ಸತ್ತ ಹುಳುಗಳು. ಕೊಳೆತಿರಲಿಲ್ಲ, ನಾರುತ್ತಿರಲಿಲ್ಲ. ಬಿಳಿಚಿ, ಗಟ್ಟಿಯಾಗಿ, ನೆಟ್ಟಗೆ ಮಲಗಿದ್ದವು. ಚಳಿ ತೇವಕ್ಕೆ ಬರುವ ಈ ರೋಗಕ್ಕೆ ಸುಣ್ಣಕಟ್ಟು ಎನ್ನುತ್ತಾರೆ. ಮೇಷ್ಟ್ರು ಒಂದನ್ನು ಎತ್ತಿ ಹಿಡಿದರು. ಮೂವತ್ತು ವರ್ಷ ಹಿಡಿದ ತೂಕವೇ ಅದು. ಬೆರಳಿಗೆ ಬಿಳಿ ಪುಡಿ ಹತ್ತಿತು. ಬೋರ್ಡು ಸಿಕ್ಕಿದ್ದರೆ ಬರೆಯಬಹುದಿತ್ತು.

"ಮನೆಯೆಲ್ಲ ಹಿಂಗೇ ಮಲಗವ್ವೆ ಮೇಷ್ಟ್ರೇ" ಎಂದರು ಮುನಿಶಾಮಪ್ಪ. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ಕಷ್ಟವಾಗಿತ್ತು. "ಬರೀ ನಂದಲ್ಲ. ಕದಿರಮ್ಮನ ಮನೇಲೂ ಅಂತೆ, ವೆಂಕಟರಾಮಪ್ಪಂದೂ ಅಂತೆ. ಎಲ್ಲ ರಾಮಕ್ಕನ ಹತ್ರ ಬಂದಿದ್ದೇ. ಚಿಂತಾಮಣಿ ಕಡೆಯಿಂದ ಚಾಕಿ ತಂದೋರ ಮನೇಲಿ ಏನೂ ಇಲ್ಲ."

ರಾಮಲಕ್ಷ್ಮಮ್ಮ ಒಳಗಿನಿಂದ ಬಂದು ಟವೆಲನ್ನು ನೋಡಿ, ಬಾಗಿಲ ಪಟ್ಟಿ ಹಿಡಿದು ನಿಂತರು.

ಸಂಜೆಯೊಳಗೆ ಜಗಲಿಯ ಮುಂದೆ ಊರು ಸೇರಿತು. ಯಾರೂ ಬಯ್ಯಲಿಲ್ಲ. ಹವಾ ಕೆಟ್ಟಿತ್ತು ಅಂದರು, ಮೊಟ್ಟೆಯೇ ಸರಿಯಿರಲಿಲ್ಲವೇನೋ ಅಂದರು. ಕೊನೆಗೆ ಹಿಂದಿನ ಸಾಲಿನಿಂದ ಕದಿರಮ್ಮ, ಮೆಲ್ಲಗೆ, ಕೇಳಿಸಲೆಂದೇ ಅಂದರು. "ಮೊದಲ್ನೇ ಸೊಪ್ಪು ಯಾರ ಕೈಲಿ ಹಾಕಿಸ್ತೀವಿ ಅಂತ ನಾವೇ ನೋಡ್ಕೋಬೇಕಿತ್ತು ಬಿಡಮ್ಮ. ಮಕ್ಳು ಮರಿ ಇರೋ ಕೈ ಆಗಿದ್ರೆ..."

ಮಾತು ಅಲ್ಲೇ ನಿಂತಿತು. ಯಾರೂ ಅದನ್ನು ಎತ್ತಿಕೊಳ್ಳಲಿಲ್ಲ, ಯಾರೂ ತಳ್ಳಲೂ ಇಲ್ಲ. ರಾಮಲಕ್ಷ್ಮಮ್ಮ ತಮ್ಮ ಅಂಗೈ ನೋಡಿಕೊಂಡರು.

ಗಂಗರಾಜು ಮೇಷ್ಟ್ರು ಎದ್ದು ನಿಂತರು. ಕಾಲೇಜಿನಲ್ಲಿ ಎದ್ದು ನಿಂತದ್ದು ಬಿಟ್ಟರೆ ಹಾಗೆ ನಾಲ್ಕು ಜನರ ಮುಂದೆ ನಿಂತದ್ದು ಅದೇ ಎರಡನೇ ಸಲ ಇರಬೇಕು. ಪಾಠ ಮಾಡುವಾಗ ಮೇಷ್ಟ್ರುಗಳು ನಿಂತಿರುವುದು ಲೆಕ್ಕಕ್ಕೆ ಬರುವುದಿಲ್ಲ. ಎಲ್ಲವನ್ನೂ ಹೇಳಿದರು. ಕೋಣೆಗೆ ಬಿಸಿ ಕೊಡುತ್ತಿದ್ದದ್ದು ಯಂತ್ರದ ಲೆಕ್ಕ. ಲೆಕ್ಕ ಮುಗಿದ ಮೇಲೆ ಯಂತ್ರ ಲೈಟು ಉರಿಸಿಕೊಂಡು ಸುಮ್ಮನೆ ಕೂತಿತ್ತು. ಅದು ಮುಗಿಯುತ್ತದೆಂದು ಗೊತ್ತಿದ್ದವನು ನಾನೊಬ್ಬನೇ. ಅವಳು ಬೆಂಕಿ ಹಾಕಲಾ ಎಂದು ಕೇಳಿದಳು, ಬೇಡ ಎಂದವನು ನಾನು. ತಪ್ಪು ನನ್ನದು, ಅವಳ ಕೈಯದಲ್ಲ.

ಜನ ಕೇಳಿದರು. ಹಳ್ಳಿಯ ಜನ ಮೇಷ್ಟ್ರ ಮಾತನ್ನು ಕೇಳುವ ಹಾಗೆ, ತಲೆ ತಗ್ಗಿಸಿ, ಬೆಲ್ಲು ಹೊಡೆಯಲೆಂದು ಕಾಯುತ್ತಾ.

"ಅದೇನೋ ಒಂದು ಸಂಖ್ಯೆ ಭಾಗ ಆಗುತ್ತೋ ಇಲ್ವೋ ಅಂತ ನೋಡಿದ್ದಕ್ಕೆ ನಮ್ಮ ಹುಳ ಸತ್ತೋದ್ವು ಅಂತೀರಾ ಸಾರೂ?" ಎಂದರು ವೆಂಕಟರಾಮಪ್ಪ.

"ನೋಡಿದ್ದಕ್ಕಲ್ಲ. ನೋಡೋದು ಮುಗಿದಿದ್ದಕ್ಕೆ."

ಯಾರೋ ನಕ್ಕು, ಕೆಮ್ಮಿನಲ್ಲಿ ಮುಚ್ಚಿಕೊಂಡರು. ಮುನಿಶಾಮಪ್ಪ ಎದ್ದು ಬಂದು ಮೇಷ್ಟ್ರ ಹೆಗಲ ಮೇಲೆ ಕೈ ಇಟ್ಟರು. "ಹೆಂಡ್ತಿ ಅಂದ್ಮೇಲೆ ತಪ್ಪು ಮೈಮೇಲೆ ಹಾಕ್ಕೋಬೇಕು, ನಿಜ. ನೀವು ದೊಡ್ಡ ಮನುಷ್ಯರು. ಆದ್ರೆ ಇಷ್ಟು ದೊಡ್ಡ ಕತೆ ಕಟ್ಟೋದು ಬೇಡಾಗಿತ್ತು ಮೇಷ್ಟ್ರೇ. ನಾವೇನು ಅಕ್ಕನ್ನ ಅಂದ್ವಾ?"

ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೋದರು. ಉಳಿದವರೂ ಒಬ್ಬೊಬ್ಬರಾಗಿ ಎದ್ದರು. ಇಡೀ ಜೀವನದಲ್ಲಿ ಮೇಷ್ಟ್ರು ಹೇಳಿದ ಅತ್ಯಂತ ನಿಜವಾದ ಮಾತನ್ನು ಊರು ಒಳ್ಳೆಯ ಗಂಡನ ಸುಳ್ಳೆಂದು ಮೆಚ್ಚಿಕೊಂಡು ಮನೆಗೆ ಹೋಯಿತು.

ಒಳಗೆ ರಾಮಲಕ್ಷ್ಮಮ್ಮ ಊಟಕ್ಕೆ ಬಡಿಸಿದರು. ಸಾರು ಹಾಕುವಾಗ ಕೇಳಿದರು.

"ಕೊನೆಗೆ ಅದು ಯಾವುದರಿಂದ ಭಾಗ ಆಗುತ್ತಂತೆ?"

"ಅದು ಹೇಳಲ್ಲ."

"ಆರು ತಿಂಗಳು ಓಡೈತೆ, ಅಷ್ಟೂ ಹೇಳಲ್ವಾ?"

"ಈ ಪರೀಕ್ಷೆ ಹಾಗೇ. ಒಡೆಯುತ್ತೆ ಅಂತ ಮಾತ್ರ ಹೇಳುತ್ತೆ. ಯಾವುದು ಒಡೀತು ಅಂತ ಗೊತ್ತಾಗಲ್ಲ. ಇನ್ನು ನೂರು ವರ್ಷ ಹುಡುಕಿದ್ರೂ ಗೊತ್ತಾಗದೇ ಇರಬಹುದು."

ರಾಮಲಕ್ಷ್ಮಮ್ಮ ಸಾರಿನ ಸೌಟನ್ನು ಪಾತ್ರೆಯೊಳಗೆ ಇಟ್ಟರು. "ನಂದು ಹಂಗಲ್ಲ. ಯಾವುದು ಒಡೀತು ಅಂತ ನಂಗೆ ಗೊತ್ತು" ಎಂದರು. ಆಮೇಲೆ, "ನಿಮ್ಮನ್ನಲ್ಲ ಅಂದಿದ್ದು. ಕೈಗೆ ತಣ್ಣಗೆ ಹತ್ತಿತ್ತು. ನಿಮ್ಮನ್ನ ಕೇಳೋಕೆ ಫೋನ್ ಯಾಕೆ ಮಾಡಿದ್ನೋ. ಬೆಂಕಿ ಹಾಕ್ಬೇಕಿತ್ತು."

ಮೇಷ್ಟ್ರು ತಟ್ಟೆಯಲ್ಲೇ ಕೈ ತೊಳೆದರು. ಬಯ್ದಿದ್ದರೆ ಊಟ ಮುಗಿಸುತ್ತಿದ್ದರೇನೋ.

ಮುಂದಿನ ಬೆಳೆಗೆ ಊರಿನ ಮೊಟ್ಟೆ ಬೇರೆ ಕಡೆಗೆ ಹೋಯಿತು. ಎರಡು ಜ್ವರ ದಾಟಿದ ಚಾಕಿ ಲಗೇಜ್ ಆಟೋದಲ್ಲಿ ಮೇಷ್ಟ್ರ ಮನೆಯ ಮುಂದೆಯೇ ಬರುತ್ತಿತ್ತು. ಊರಿಗೆ ಬೇರೆ ದಾರಿಯಿಲ್ಲ. ಆ ದಿನಗಳಲ್ಲಿ ರಾಮಲಕ್ಷ್ಮಮ್ಮ ಮುಂಬಾಗಿಲು ತೆರೆಯುತ್ತಿರಲಿಲ್ಲ. ತಟ್ಟೆಗಳನ್ನು ಕೇಳಿದವರಿಗೆ ತೊಳೆದು ಕೊಟ್ಟರು. ವಾಪಸು ಕೇಳಲಿಲ್ಲ. ಮೇಷ್ಟ್ರು ನಿವೃತ್ತರಾಗುವ ತನಕ ಸೀಮೆಸುಣ್ಣಕ್ಕೆ ಕಾಗದ ಸುತ್ತಿಯೇ ಹಿಡಿದರು. ಅಲರ್ಜಿ ಎಂದು ಹೆಡ್ ಮೇಷ್ಟ್ರಿಗೆ ಹೇಳಿದರು. ಕಂಪ್ಯೂಟರನ್ನು ಅಮಾನುಲ್ಲಾ ಬಂದು ಒಯ್ದರು. ಆಟೋ ಹತ್ತುವಾಗ ಯಾವ ತಮಾಷೆಯೂ ಹೊಳೆಯದೆ, "ಬರ್ತೀನಿ ಗಂಗೂ" ಎಂದಷ್ಟೇ ಅಂದರು.

ಎರಡು ವರ್ಷ ಕಳೆದ ಮೇಲೆ, ಅವರೆಕಾಯಿಯ ಕಾಲದಲ್ಲಿ, ಅಮಾನುಲ್ಲಾ ಫೋನು ಮಾಡಿದರು. ಆ ಹುಡುಕಾಟದಲ್ಲಿ ಒಂದು ನಿಯಮವಿದೆ. ಯಂತ್ರಗಳೂ ಕಾವಿಗೆ ತಪ್ಪು ಮಾಡುತ್ತವಾದ್ದರಿಂದ, ಒಬ್ಬರು ಮಾಡಿದ ಲೆಕ್ಕವನ್ನು ಎಷ್ಟೋ ಕಾಲದ ಮೇಲೆ ಮುಖ ಪರಿಚಯವಿಲ್ಲದ ಇನ್ನೊಬ್ಬರು ಮೊದಲಿನಿಂದ ಮಾಡಿ ನೋಡುತ್ತಾರೆ. ಇಬ್ಬರ ಶೇಷವೂ ಒಂದೇ ಆದರೆ ಮಾತ್ರ ಉತ್ತರ ಖಾಯಂ. ಯಾವುದೋ ದೇಶದಲ್ಲಿ ಯಾರೋ ಮೇಷ್ಟ್ರ ಸಂಖ್ಯೆಯನ್ನು ಮತ್ತೆ ಲೆಕ್ಕ ಮಾಡಿದ್ದರು.

ರಾಮಲಕ್ಷ್ಮಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಮೇಷ್ಟ್ರು ಪಕ್ಕದಲ್ಲಿ ಕೂತು ಹೇಳಿದರು.

"ನಮ್ಮ ಸಂಖ್ಯೆನ ಇನ್ಯಾರೋ ಮತ್ತೆ ಮಾಡಿ ನೋಡಿದಾರಂತೆ."

"ಏನಾಯ್ತಂತೆ?"

"ಅದೇ ಉತ್ತರ. ನಮ್ಮದು ಸರಿಯಾಗಿತ್ತಂತೆ. ಒಡೆಯೋ ಸಂಖ್ಯೆನೇ."

ರಾಮಲಕ್ಷ್ಮಮ್ಮ ಒಂದು ಕಾಯಿ ಬಿಡಿಸಿ, ಒಳಗಿದ್ದ ಹುಳುವನ್ನು ಉಗುರಿನಿಂದ ಅಂಗಳಕ್ಕೆ ಚಿಮ್ಮಿದರು.

"ಅದಕ್ಕಾದ್ರೂ ಇನ್ನೊಂದು ಸಲ ಮಾಡಿ ನೋಡೋರು ಇದಾರಲ್ಲ" ಎಂದರು.

ಬುಟ್ಟಿಯಲ್ಲಿ ಕಾಯಿ ಮುಗಿದಿತ್ತು. ರಾಮಲಕ್ಷ್ಮಮ್ಮ ಮೊಣಕಾಲಿಗೆ ಕೈ ಊರಿ ಎದ್ದು, ಇನ್ನಷ್ಟು ಅವರೆಕಾಯಿ ತರಲು ಹಿತ್ತಲಿಗೆ ನಡೆದರು. ಮೂಟೆ ಇದ್ದದ್ದು ಚಾಕಿ ಕೋಣೆಯಲ್ಲಿ. ಚಪ್ಪಲಿ ಹಾಕಿಕೊಂಡೇ ಒಳಗೆ ಹೋದರು.